ಹಾರದ ವಿಮಾನದ ದೋಷ ಹುಡುಕುವುದು ಹೇಗೆ? ಅಗ್ಗದ ಎಲೆಕ್ಟ್ರಿಕ್ ಆರ್‌ಸಿ ವಿಮಾನ ಕೊಂಡವರಿಗೆ, ಕಟ್ಟಿದವರಿಗೆ

ದಾವಣಗೆರೆಯಲ್ಲಿ ಹೊಸದಾಗಿ ಆರ್‌ಸಿ, ಅಂದರೆ ರಿಮೋಟಿನಿಂದ ಹಾರಿಸುವ ವಿಮಾನ ಹಿಡಿದ ಹುಡುಗರ ಬಾಯಲ್ಲಿ ಬರುವ ಮೊದಲ ದೂರು ಒಂದೇ: "ಅಣ್ಣಾ, ಮೋಟ್ರು ವೀಕ್ ಐತಿ." ಹೆಚ್ಚಿನ ಸಲ ಮೋಟರಿಗೆ ಏನೂ ಆಗಿರುವುದಿಲ್ಲ. ಪ್ರೊಪೆಲ್ಲರ್ ಹಿಂದುಮುಂದಾಗಿರುತ್ತದೆ, ಬ್ಯಾಟರಿ ದಣಿದಿರುತ್ತದೆ, ಇಲ್ಲವೇ ವಿಮಾನದ ತೂಕ ಬಾಲದ ಕಡೆಗೆ ಜಾರಿರುತ್ತದೆ. ಆದರೂ ಹೊಸ ಮೋಟರ್ ತರಿಸುತ್ತಾರೆ. ಅದನ್ನು ಕೂರಿಸುವಾಗ ಇನ್ನೆರಡು ಹೊಸ ದೋಷ ಸೇರಿಕೊಳ್ಳುತ್ತವೆ. ಆಮೇಲೆ ವಿಮಾನ ಅಟ್ಟ ಹತ್ತುತ್ತದೆ. ದುಡ್ಡು ಕೂಡಿಸಿ ತಂದ ವಿಮಾನ ಹಾಗೆ ಧೂಳು ತಿನ್ನಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಎರಡು ಬಗೆಯ ವಿಮಾನದ ಮಾತು ಬರುತ್ತದೆ. ಒಂದು, ಎರಡು ಮೂರು ಸಾವಿರ ರೂಪಾಯಿಯ ಆಟಿಕೆ ವಿಮಾನ. ರೆಕ್ಕೆಯ ಮೇಲೆ ಎರಡು ಪುಟ್ಟ ಮೋಟರ್, ಒಂದೇ ಸೆಲ್ಲಿನ 3.7 ವೋಲ್ಟ್ ಬ್ಯಾಟರಿ. ಇನ್ನೊಂದು, ಫೋಮ್ ಅಥವಾ ಸನ್‌ಬೋರ್ಡಿನಲ್ಲಿ ಮಾಡಿದ, ಒಂದು ಮೀಟರ್ ಆಸುಪಾಸಿನ ರೆಕ್ಕೆಯ ಟ್ರೈನರ್, ಅಂದರೆ ಕಲಿಯುವವರ ವಿಮಾನ. ಅದರಲ್ಲಿ 2212 ಅಳತೆಯ ಬ್ರಶ್‌ಲೆಸ್ ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್), 9 ಗ್ರಾಂ ಸರ್ವೋಗಳು (ರೆಕ್ಕೆ, ಬಾಲದ ಆಡುವ ಹಲಗೆಗಳನ್ನು ಅಲುಗಿಸುವ ಪುಟ್ಟ ಮೋಟರ್‌ಗಳು), 3 ಸೆಲ್ಲಿನ 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ, ಫ್ಲೈಸ್ಕೈ ಐ6 ತರಹದ ಆರು ಚಾನೆಲ್ ರಿಮೋಟ್ ಇರುತ್ತವೆ. ಹೆಚ್ಚು ಜಾಗ ಈ ಎರಡನೆಯದಕ್ಕೇ ಕೊಟ್ಟಿದ್ದೇನೆ. ದೋಷ ಬರುವ ಜಾಗಗಳು ಅದರಲ್ಲಿ ಜಾಸ್ತಿ.

ಒಂದು ಮಾತು ಮೊದಲೇ. ಮೇಜಿನ ಮೇಲೆ ಏನೇ ಪರೀಕ್ಷೆ ಮಾಡುವುದಿದ್ದರೂ ಪ್ರೊಪೆಲ್ಲರ್ ಬಿಚ್ಚಿಡಿ. 10 ಇಂಚಿನ ಪ್ರೊಪೆಲ್ಲರ್ ಬೆರಳನ್ನು ಮೂಳೆಯವರೆಗೂ ಕೊಯ್ಯುತ್ತದೆ. ಅದನ್ನು ಹಾಕಿಯೇ ನೋಡಬೇಕಾದ ಪರೀಕ್ಷೆಯಲ್ಲಿ ವಿಮಾನದ ಹಿಂದೆ ನಿಲ್ಲಿ. ಪಕ್ಕದಲ್ಲೂ ಬೇಡ, ಮುಂದಂತೂ ಬೇಡವೇ ಬೇಡ.

ಮೊದಲ ಮೂರು ಸೆಕೆಂಡು

ದೋಷ ಹುಡುಕಲು ಮೀಟರ್‌ಗಿಂತ ಮೊದಲು ಬೇಕಾದದ್ದು ಮೊಬೈಲ್ ವಿಡಿಯೋ. ವಿಮಾನವನ್ನು ಕೈಯಿಂದ ಎಸೆದು ಹಾರಿಸುವವರ ಹಿಂದೆ ಗೆಳೆಯನನ್ನು ನಿಲ್ಲಿಸಿ, ಸ್ಲೋ ಮೋಷನ್‌ನಲ್ಲಿ ತೆಗೆಸಿ. "ಬಿತ್ತು" ಅಂದರೆ ಏನೂ ಗೊತ್ತಾಗುವುದಿಲ್ಲ. "ಕೈ ಬಿಟ್ಟ ಕೂಡಲೆ ಮೂಗೆತ್ತಿತು, ಒಂದು ಕ್ಷಣ ನಿಂತಿತು, ಎಡ ರೆಕ್ಕೆ ಇಳಿದು ಬಿತ್ತು" ಅಂದರೆ ಅರ್ಧ ದೋಷ ಸಿಕ್ಕ ಹಾಗೆ.

ಕೈ ಬಿಟ್ಟ ಮೊದಲ ಮೂರು ಸೆಕೆಂಡಿನಲ್ಲಿ ವಿಮಾನ ತನ್ನ ಸ್ವಭಾವ ತೋರಿಸುತ್ತದೆ. ಆಮೇಲೆ ಹಾರಿಸುವವರ ಗಾಬರಿ ಅದರೊಳಗೆ ಸೇರುತ್ತದೆ. ರಿಮೋಟಿನ ಕಡ್ಡಿ ಆ ಕಡೆ ಈ ಕಡೆ ಎಳೆದಾಡಿದ ಮೇಲೆ ಆದದ್ದನ್ನು ನೋಡಿ ಯಾವ ತೀರ್ಮಾನಕ್ಕೂ ಬರಲಾಗದು. ಹಾಗಾಗಿ ಬಿದ್ದ ಗಳಿಗೆಯನ್ನು ಮತ್ತೆ ಮತ್ತೆ ನೋಡುವುದು ಬಿಟ್ಟು ಕೈ ಬಿಟ್ಟ ಗಳಿಗೆಯನ್ನು ನೋಡಿ. ಮುಂದೆ ಬರುವ ವಿಂಗಡಣೆಯೆಲ್ಲ ಆ ಮೂರು ಸೆಕೆಂಡನ್ನೇ ನಂಬಿದೆ.

ಇನ್ನೊಂದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬ್ಯಾಟರಿ ಮುಂದೆ ಸರಿಸಿ, ಟ್ರಿಮ್ (ಕಡ್ಡಿ ಮುಟ್ಟದಿದ್ದಾಗ ಆಡುವ ಹಲಗೆಗಳು ನಿಲ್ಲುವ ಜಾಗ ಹೊಂದಿಸುವ ರಿಮೋಟಿನ ಗುಂಡಿ) ತಿರುಗಿಸಿ, ಪ್ರೊಪೆಲ್ಲರ್ ಬದಲಿಸಿ ಒಟ್ಟಿಗೆ ಎಸೆದರೆ, ಚೆನ್ನಾಗಿ ಹಾರಿದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಮೋಟರ್ ತಿರುಗುತ್ತಲೇ ಇಲ್ಲ

ಕಿವಿಗೊಡಿ. ಬ್ಯಾಟರಿ ಚುಚ್ಚಿದ ಕೂಡಲೆ ಬರುವ ಬೀಪ್ ಶಬ್ದಕ್ಕೆ ಬೇರೆ ಸ್ಪೀಕರ್ ಇಲ್ಲ. ಇಎಸ್‌ಸಿ ಮೋಟರನ್ನೇ ಕಂಪಿಸಿ ಆ ಸದ್ದು ಹೊರಡಿಸುತ್ತದೆ. ಬೀಪ್ ಕೇಳಿಸಿತು ಅಂದರೆ ಇಎಸ್‌ಸಿಗೆ ಕರೆಂಟ್ ಬಂದಿದೆ, ಮೋಟರಿನ ಮೂರು ವೈರಿನಲ್ಲಿ ಎರಡಾದರೂ ಸರಿಯಿವೆ. ಏನೂ ಸದ್ದಿಲ್ಲ ಅಂದರೆ ಬ್ಯಾಟರಿ ಕನೆಕ್ಟರಿನಿಂದ ಹುಡುಕಲು ಶುರು ಮಾಡಿ.

ಬೀಪಿನ ಲಯ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ. ಆದರೂ ಸಾಮಾನ್ಯವಾಗಿ, ಒಂದೆರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಬೀಪ್ ಬರುತ್ತಿದ್ದರೆ ರಿಸೀವರ್‌ನಿಂದ (ರಿಮೋಟಿನ ಸಂಕೇತ ಹಿಡಿಯುವ ವಿಮಾನದೊಳಗಿನ ಡಬ್ಬಿ) ಥ್ರಾಟಲ್ ಸಂಕೇತ, ಅಂದರೆ ಮೋಟರಿನ ವೇಗದ ಸಂಕೇತ ಬರುತ್ತಿಲ್ಲ. ಎಡೆಬಿಡದೆ ಬೇಗ ಬೇಗ ಬರುತ್ತಿದ್ದರೆ ಥ್ರಾಟಲ್ ಕಡ್ಡಿ ಪೂರ್ತಿ ಕೆಳಗೆ ಬಂದಿಲ್ಲ, ಇಲ್ಲವೇ ಇಎಸ್‌ಸಿಗೆ ಆ ರಿಮೋಟಿನ ಸೊನ್ನೆ ಎಲ್ಲಿದೆ ಅಂತ ಗೊತ್ತಿಲ್ಲ.

ಸಂಕೇತ ಇಲ್ಲದಿದ್ದರೆ ರಿಸೀವರಿನ ದೀಪ ನೋಡಿ. ಮಿನುಗುತ್ತಿದ್ದರೆ ರಿಮೋಟಿಗೂ ಅದಕ್ಕೂ ಬೈಂಡ್ ಆಗಿಲ್ಲ, ಅಂದರೆ ಜೋಡಿ ಕೂಡಿಲ್ಲ. ಬೈಂಡ್ ಪ್ಲಗ್ ಚುಚ್ಚಿ, ರಿಸೀವರಿಗೆ ಕರೆಂಟ್ ಕೊಟ್ಟು, ರಿಮೋಟಿನ ಬೈಂಡ್ ಬಟನ್ ಒತ್ತಿಕೊಂಡೇ ಆನ್ ಮಾಡಿ. ಮುಗಿದ ಮೇಲೆ ಪ್ಲಗ್ ಕಿತ್ತು ಎರಡನ್ನೂ ಆಫ್ ಮಾಡಿ ಆನ್ ಮಾಡಿ. ದೀಪ ಅಲುಗದೆ ಉರಿದರೆ ಸರಿ. ದೀಪ ಸರಿಯಾಗಿ ಉರಿಯುತ್ತಿದ್ದೂ ಮೋಟರ್ ಸುಮ್ಮನಿದ್ದರೆ ಇಎಸ್‌ಸಿಯ ಸಿಗ್ನಲ್ ವೈರ್ 3ನೇ ಚಾನೆಲ್‌ನಲ್ಲಿದೆಯೋ, ತಿರುವುಮುರುವಾಗಿ ಚುಚ್ಚಿದೆಯೋ ನೋಡಿ.

ಸೊನ್ನೆ ಕಲಿಸುವುದು ಹೀಗೆ: ಪ್ರೊಪೆಲ್ಲರ್ ಬಿಚ್ಚಿ, ರಿಮೋಟ್ ಆನ್ ಮಾಡಿ, ಥ್ರಾಟಲ್ ಪೂರ್ತಿ ಮೇಲಿಟ್ಟು ಬ್ಯಾಟರಿ ಚುಚ್ಚಿ. ಎರಡು ಬೀಪ್ ಬಂದ ಕೂಡಲೆ ಥ್ರಾಟಲ್ ಪೂರ್ತಿ ಕೆಳಗೆ ತನ್ನಿ. ತಡ ಮಾಡಿದರೆ ಇಎಸ್‌ಸಿ ಬೇರೆ ಸೆಟ್ಟಿಂಗ್‌ಗೆ ಹೋಗುತ್ತದೆ. ಆಗ ಬ್ಯಾಟರಿ ಕಿತ್ತು ಮೊದಲಿನಿಂದ ಮಾಡಿ.

ಮೋಟರ್ ತಿರುಗದೆ ಗಡಗಡ ನಡುಗುತ್ತಿದ್ದರೆ ಮಾತು ಬೇರೆ. ಹೆಚ್ಚಾಗಿ ಮೂರರಲ್ಲಿ ಒಂದು ವೈರ್ ಸರಿಯಾಗಿ ಸೇರಿಕೊಂಡಿರುವುದಿಲ್ಲ. ಇದಕ್ಕೆ ಮೀಟರ್ ಇಲ್ಲದೆ ಮಾಡುವ ಒಂದು ಪರೀಕ್ಷೆ ಇದೆ, ತುಂಬಾ ಒಳ್ಳೆಯದು. ಮೋಟರನ್ನು ಇಎಸ್‌ಸಿಯಿಂದ ಬಿಡಿಸಿ. ಮೂರು ವೈರಿನ ತುದಿಗಳು ಒಂದಕ್ಕೊಂದು ತಾಗದಂತೆ ಇಟ್ಟು ಮೋಟರನ್ನು ಬೆರಳಿನಿಂದ ತಿರುಗಿಸಿ. ಸಣ್ಣ ಸಣ್ಣ ತಡೆಯೊಂದಿಗೆ ಹಗುರಾಗಿ ತಿರುಗುತ್ತದೆ. ಈಗ ಎರಡು ವೈರಿನ ತುದಿ ಒತ್ತಿ ಹಿಡಿದು ಮತ್ತೆ ತಿರುಗಿಸಿ. ಬೆರಳಿಗೆ ಬ್ರೇಕ್ ಹಿಡಿದಂಥ ಬಿಗಿ ಗೊತ್ತಾಗಬೇಕು. ಹೀಗೆ ಮೂರೂ ಜೋಡಿ ನೋಡಿ. ಮೂರರಲ್ಲೂ ಒಂದೇ ಬಿಗಿ ಇದ್ದರೆ ಮೋಟರಿನ ಸುರುಳಿ ಚೆನ್ನಾಗಿದೆ. ಒಂದು ವೈರ್ ಸೇರಿದ ಎರಡು ಜೋಡಿಯಲ್ಲೂ ಬಿಗಿ ಬರದಿದ್ದರೆ ಆ ವೈರೇ ತುಂಡಾಗಿದೆ. ಹೆಚ್ಚಾಗಿ ಅದು ಮೋಟರಿನೊಳಗೆ ಆಗಿರುವುದಿಲ್ಲ. ಚಿನ್ನದ ಬಣ್ಣದ ಬುಲೆಟ್ ಕನೆಕ್ಟರಿನ ಬುಡದಲ್ಲಿ ಡ್ರೈ ಸೋಲ್ಡರ್ ಆಗಿರುತ್ತದೆ. ಮೇಲೆ ಹಾಕಿದ ಕೊಳವೆ ಕತ್ತರಿಸಿ ನೋಡಿ. ಬೆಸುಗೆ ಹೊಳೆಯುವ ಬದಲು ಬೂದು ಬಣ್ಣಕ್ಕೆ ತಿರುಗಿ, ಹರಳು ಹರಳಾಗಿ ಕಾಣುತ್ತದೆ. ಮತ್ತೆ ಕಾಯಿಸಿ ಹಾಕಿದರೆ ಮುಗಿಯಿತು. ಮೂರು ಜೋಡಿಯೂ ಸರಿಯಿದ್ದೂ ನಡುಗುತ್ತಿದ್ದರೆ ಆಗ ಇಎಸ್‌ಸಿಯನ್ನು ಅನುಮಾನಿಸಿ.

ತಿರುಗುತ್ತದೆ, ಎಳೆಯುವುದಿಲ್ಲ

ಇಲ್ಲಿ ಸಂಭಾಷಣೆ ಯಾವಾಗಲೂ ಹೀಗೇ ನಡೆಯುತ್ತದೆ.

"ಅಣ್ಣಾ, ಫುಲ್ ಥ್ರಾಟಲ್ ಕೊಟ್ರೂ ಎಳಿಯಂಗಿಲ್ಲ. ಹೊಸ ಮೋಟ್ರು ತರ್ಸ್ಲಾ?"

"ತಡಿಯೋ ತಮ್ಮಾ. ಮೊದ್ಲು ಪ್ರೊಪೆಲ್ಲರ್ ತೋರ್ಸು. ನಂಬರ್ ಯಾವ ಕಡೆ ಐತಿ?"

"ಹಿಂದ್ಗಡೆ, ರೆಕ್ಕೆ ಕಡೆ."

ದೋಷ ಅಲ್ಲೇ ಇದೆ. ಪ್ರೊಪೆಲ್ಲರಿನ ಮೇಲೆ ಅಚ್ಚಾದ 1045, 8060 ಮುಂತಾದ ಅಂಕಿ ವಿಮಾನ ಹೋಗುವ ದಿಕ್ಕಿಗೆ ಮುಖ ಮಾಡಿರಬೇಕು. ಮೋಟರ್ ಮುಂದಿದ್ದರೂ ಹಿಂದಿದ್ದರೂ ಈ ನಿಯಮ ಬದಲಾಗುವುದಿಲ್ಲ. ತಿರುವಿ ಹಾಕಿದ ಪ್ರೊಪೆಲ್ಲರ್ ಗಾಳಿಯನ್ನು ಹಿಂದಕ್ಕೇ ತಳ್ಳುತ್ತದೆ, ಆದರೆ ಅರೆಮನಸ್ಸಿನಿಂದ. ಅದಕ್ಕೇ ಮೋಸ ಹೋಗುವುದು. ಅಂಕಿ ಮುಂದಿದ್ದೂ ಗಾಳಿ ಮುಂದಕ್ಕೆ ಬೀಸುತ್ತಿದ್ದರೆ ಮೋಟರ್ ಉಲ್ಟಾ ತಿರುಗುತ್ತಿದೆ. ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ.

ಪ್ರೊಪೆಲ್ಲರ್ ಹಿಡಿದಿರುವ ನಟ್ಟು ಸಡಿಲವಾಗಿದ್ದರೂ ಇದೇ ದೂರು ಬರುತ್ತದೆ. ಮೋಟರ್ ಜೋರಾಗಿ ಕೂಗುತ್ತದೆ, ಪ್ರೊಪೆಲ್ಲರ್ ಜಾರುತ್ತಿರುತ್ತದೆ. ಮೋಟರನ್ನು ಹಿಡಿದುಕೊಂಡು ಪ್ರೊಪೆಲ್ಲರ್ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಬ್ಯಾಟರಿ ಕಿತ್ತಿರಬೇಕು, ಅದು ನೆನಪಿರಲಿ.

ಆಮೇಲೆ ಮೋಟರಿನ ಕೆವಿಗೂ ಪ್ರೊಪೆಲ್ಲರಿಗೂ ಹೊಂದಿಕೆ. ಕೆವಿ ಅಂದರೆ ಒಂದು ವೋಲ್ಟಿಗೆ, ಭಾರ ಇಲ್ಲದಾಗ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. 3 ಸೆಲ್ಲಿನ 11.1 ವೋಲ್ಟಿನಲ್ಲಿ 1000 ಕೆವಿ ಮೋಟರಿಗೆ 10 ಇಂಚಿನ 1045 ಹೊಂದುತ್ತದೆ. 1400 ಕೆವಿಗೆ 8 ಇಂಚು. 2200 ಕೆವಿಗೆ 6 ಇಂಚು. 1000 ಕೆವಿಗೆ 6 ಇಂಚು ಹಾಕಿದರೆ ಸದ್ದು ಮಾತ್ರ, ಎಳೆತ ಇಲ್ಲ. 2200 ಕೆವಿಗೆ 10 ಇಂಚು ಹಾಕಿದರೆ ಇನ್ನೂ ಅಪಾಯ. ಮೋಟರ್, ಇಎಸ್‌ಸಿ, ಬ್ಯಾಟರಿ ಮೂರೂ ಸುಡುತ್ತವೆ. ಅರ್ಧ ನಿಮಿಷ ಓಡಿಸಿ ಮೋಟರ್ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಾದರೆ ಪ್ರೊಪೆಲ್ಲರ್ ದೊಡ್ಡದಾಯಿತು.

ಬ್ಯಾಟರಿಯನ್ನು ಸುಮ್ನೆ ಇಟ್ಟು ಅಳೆದರೆ ಸತ್ಯ ಗೊತ್ತಾಗುವುದಿಲ್ಲ. ಪೂರ್ತಿ ಚಾರ್ಜ್ ಆದ 3 ಸೆಲ್ಲಿನದು 12.6 ವೋಲ್ಟ್ ತೋರಿಸುತ್ತದೆ, ದಣಿದದ್ದೂ ಅಷ್ಟೇ ತೋರಿಸುತ್ತದೆ. ಭಾರ ಬಿದ್ದಾಗ ಎಷ್ಟಕ್ಕೆ ಕುಸಿಯುತ್ತದೆ ಎಂಬುದೇ ಮುಖ್ಯ. ಸೆಲ್ ಸೆಲ್ ವೋಲ್ಟೇಜ್ ತೋರಿಸುವ ಪುಟ್ಟ ಲಿಪೋ ಚೆಕರ್ ಅನ್ನು ಬ್ಯಾಟರಿಯ ಬ್ಯಾಲೆನ್ಸ್ ವೈರಿಗೆ (ಪ್ರತಿ ಸೆಲ್ಲಿನಿಂದ ಬರುವ ಸಣ್ಣ ವೈರ್‌ಗಳ ಪ್ಲಗ್) ಚುಚ್ಚಿ, ಗೆಳೆಯನಿಗೆ ವಿಮಾನ ಗಟ್ಟಿಯಾಗಿ ಹಿಡಿಸಿ, ಐದು ಸೆಕೆಂಡು ಫುಲ್ ಥ್ರಾಟಲ್ ಕೊಡಿ. ತುಂಬಿದ ಬ್ಯಾಟರಿಯ ಯಾವುದೇ ಸೆಲ್ 3.5 ವೋಲ್ಟಿಗಿಂತ ಕೆಳಗೆ ಹೋದರೆ ಅದರ ಕಾಲ ಮುಗಿಯಿತು. ಒಂದೇ ಸೆಲ್ ಕುಸಿದು ಉಳಿದೆರಡು ಗಟ್ಟಿಯಾಗಿದ್ದರೂ ಅಷ್ಟೇ. ಉಬ್ಬಿದ ಬ್ಯಾಟರಿಯನ್ನಂತೂ ಪರೀಕ್ಷೆಗೂ ಬಳಸಬೇಡಿ. ಚಾರ್ಜ್ ಮಾಡುವಾಗ ಕಲ್ಲಿನ ನೆಲದ ಮೇಲೆ, ಕಣ್ಣೆದುರಿಗೆ ಇಡಿ. ಹಾಸಿಗೆ, ಮಂಚದ ಹತ್ತಿರ ಬೇಡ. ವಾರಗಟ್ಟಲೆ ಹಾರಿಸದಿದ್ದರೆ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿ ಎತ್ತಿಡಿ. ತುಂಬಿಸಿಟ್ಟರೆ ಬೇಗ ಹಾಳಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಮೇಲೇಳದಿದ್ದರೆ ತೂಕ ನೋಡಿ. ನಮ್ಮ ಊರಲ್ಲಿ ಬೋರ್ಡ್ ಬರೆಯುವ ಅಂಗಡಿಯಲ್ಲಿ ಸಿಗುವುದು ಸನ್‌ಬೋರ್ಡ್. ಗಟ್ಟಿ, ಅಗ್ಗ, ಆದರೆ ಭಾರ. ರೆಕ್ಕೆ 1 ಮೀಟರ್ ಉದ್ದ, 18 ಸೆಂ.ಮೀ. ಅಗಲ ಇದ್ದರೆ 18 ಚದರ ಡೆಸಿಮೀಟರ್ ಆಯಿತು. ಕಲಿಯುವವರ ವಿಮಾನಕ್ಕೆ ಒಂದು ಚದರ ಡೆಸಿಮೀಟರಿಗೆ 35 ಗ್ರಾಂ ಆಸುಪಾಸು ಇದ್ದರೆ ಚೆಂದ. ಅಂದರೆ ಬ್ಯಾಟರಿ ಸೇರಿ 630 ಗ್ರಾಂ. ಅದೇ ವಿಮಾನ 900 ಗ್ರಾಂ ಬಂದರೆ 50 ಗ್ರಾಂ ಆಯಿತು. ಅದು ಹಾರುತ್ತದೆ, ಆದರೆ ಜೋರಾಗಿ ಮಾತ್ರ. ಹೊಸಬರ ಕೈಗೆ ಸಿಗುವ ವೇಗ ಅಲ್ಲ ಅದು. ಎಳೆತ ಅಳೆಯಲು ಲಗೇಜ್ ತೂಗುವ ಡಿಜಿಟಲ್ ಕೊಕ್ಕೆಯ ತಕ್ಕಡಿ ಸಾಕು. ಬಾಲದ ಬುಡಕ್ಕೆ ದಾರ ಕಟ್ಟಿ, ನುಣುಪು ನೆಲದ ಮೇಲೆ ಫುಲ್ ಥ್ರಾಟಲ್ ಕೊಡಿ. ತೂಕದ ಮುಕ್ಕಾಲು ಭಾಗದಷ್ಟಾದರೂ ಎಳೆಯಬೇಕು.

ಮೂಗೆತ್ತಿ, ನಿಂತು, ಬೀಳುತ್ತದೆ

ಬಾಲ ಭಾರ. ಹೊಸಬರ ವಿಮಾನ ಮುರಿಯಲು ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ.

ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಕ್ಕೆ, ರೆಕ್ಕೆಯ ಅಗಲದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗದೊಳಗೆ ಸಿಜಿ (ವಿಮಾನದ ತೂಕ ಸಮತೂಗುವ ಜಾಗ) ಇರಬೇಕು. 18 ಸೆಂ.ಮೀ. ರೆಕ್ಕೆಗೆ 4.5ರಿಂದ 6 ಸೆಂ.ಮೀ. ಹೊಸಬರು 4.5ರ ಹತ್ತಿರವೇ ಇರಲಿ. ಸ್ಕೆಚ್ ಪೆನ್ನಿನಿಂದ ರೆಕ್ಕೆಯ ಕೆಳಗೆ ಎರಡೂ ಕಡೆ ಗೆರೆ ಎಳೆಯಿರಿ. ಬ್ಯಾಟರಿ, ಪ್ರೊಪೆಲ್ಲರ್ ಎಲ್ಲ ಹಾಕಿ, ಆ ಗೆರೆಯ ಮೇಲೆ ಎರಡು ಬೆರಳ ತುದಿ ಇಟ್ಟು ಎತ್ತಿ. ಫ್ಯಾನ್ ಆಫ್ ಇರಲಿ. ಮೂಗು ಒಂಚೂರು ಕೆಳಗೆ ವಾಲಿ ನಿಂತರೆ ಸರಿ. ಬಾಲ ಇಳಿದರೆ ಬ್ಯಾಟರಿ ಮುಂದೆ ಸರಿಸಿ. ಮುಂದೆ ಜಾಗ ಇಲ್ಲದಿದ್ದರೆ ಮೂಗಿನಲ್ಲಿ ನಾಣ್ಯ ಅಂಟಿಸಿ. ಬಾಲದಲ್ಲಿ 10 ಗ್ರಾಂ ಟೇಪು ಸುತ್ತಿದ್ದನ್ನು ಸರಿದೂಗಿಸಲು ಮೂಗಿಗೆ 20–30 ಗ್ರಾಂ ಬೇಕಾಗುತ್ತದೆ, ಬಾಲ ಅಷ್ಟು ದೂರ ಇರುತ್ತದಲ್ಲ. ಹಾಗಾಗಿ ಬಿದ್ದು ಬಾಲ ಮುರಿದಾಗ ರಿಪೇರಿಗೆ ಗ್ಲೂ ಸುರಿಯುವ ಮುಂಚೆ ಯೋಚಿಸಿ. ರಿಪೇರಿ ಆದ ಪ್ರತಿ ಸಲ ಸಿಜಿ ಮತ್ತೆ ನೋಡಲೇಬೇಕು.

ಸಿಜಿ ಸರಿಯಿದ್ದೂ ಮೂಗೆತ್ತುತ್ತಿದ್ದರೆ ಎಲಿವೇಟರ್ (ಬಾಲದ ಅಡ್ಡ ರೆಕ್ಕೆಯ ಹಿಂದೆ ಮೇಲೆ ಕೆಳಗೆ ಆಡುವ ಹಲಗೆ) ನೋಡಿ. ಟ್ರಿಮ್ ನಡುವೆ ಇದ್ದಾಗ ಅದು ಬಾಲದ ರೆಕ್ಕೆಗೆ ಸಮವಾಗಿರಬೇಕು. ಮೇಲಕ್ಕೆ 2 ಮಿ.ಮೀ. ಎದ್ದಿದ್ದರೂ ಸಣ್ಣ ವಿಮಾನದಲ್ಲಿ ಎದ್ದು ಕಾಣುತ್ತದೆ. ಥ್ರಾಟಲ್ ಕೊಟ್ಟಾಗ ಮಾತ್ರ ಮೂಗೆತ್ತಿ, ಥ್ರಾಟಲ್ ಇಳಿಸಿದಾಗ ಸರಿಹೋದರೆ ಮೋಟರಿನ ಮುಖ ಒಂದೆರಡು ಡಿಗ್ರಿ ಕೆಳಗೆ ಬೇಕು.

ಕೈ ಬಿಟ್ಟ ಕೂಡಲೆ ಎಡಕ್ಕೆ ಉರುಳುತ್ತದೆ

ಇದಕ್ಕೆ ಕಾರಣಗಳು ಬಹಳ. ಆದರೆ ಒಂದೇ ಪರೀಕ್ಷೆ ಅವನ್ನು ಎರಡು ಗುಂಪಾಗಿ ಒಡೆಯುತ್ತದೆ. ಮೋಟರ್ ಇಲ್ಲದೆ ಎಸೆದು ನೋಡುವುದು.

ದಾವಣಗೆರೆ ಸುತ್ತ ಇದಕ್ಕೆ ಭತ್ತ ಕೊಯ್ದ ಗದ್ದೆಗಿಂತ ಒಳ್ಳೆ ಜಾಗ ಇಲ್ಲ. ಭದ್ರಾ ನಾಲೆಯ ನೀರಿನಿಂದ ಎರಡು ಬೆಳೆ ಬರುವ ಕಡೆ ಕೊಯ್ಲಾದ ಮೇಲೆ ಕೂಳೆ ನಿಂತಿರುತ್ತದೆ. ಫೋಮ್ ವಿಮಾನ ಅದರ ಮೇಲೆ ಬಿದ್ದರೆ ಗೀರು ಬಿಟ್ಟು ಏನೂ ಆಗದು. ಹೊಲದ ಯಜಮಾನರಿಗೆ ಒಂದು ಮಾತು ಕೇಳಿ ಇಳಿಯಿರಿ. ಚಿತ್ರದುರ್ಗದ ಕಡೆ ಕಲ್ಲು, ಜಾಲಿ ಮುಳ್ಳು ಜಾಸ್ತಿ. ಶೇಂಗಾ ಕಿತ್ತ ಹೊಲ ಹುಡುಕಿಕೊಳ್ಳಿ.

ಗಾಳಿಗೆ ಎದುರಾಗಿ ನಿಂತು, ಎದೆಯ ಎತ್ತರದಿಂದ, ಮೂಗನ್ನು ಒಂಚೂರು ಕೆಳಗಿಟ್ಟು, ಈಟಿ ಎಸೆದ ಹಾಗೆ ನೇರಕ್ಕೆ ತಳ್ಳಿ. ಮೇಲಕ್ಕೆ ಎಸೆಯಬೇಡಿ. ಹತ್ತು ಮೀಟರ್ ಆಸುಪಾಸು ತೇಲಿ ಇಳಿಯಬೇಕು.

ಮೋಟರ್ ಇಲ್ಲದಾಗಲೂ ಎಡಕ್ಕೆ ಹೋದರೆ ದೋಷ ವಿಮಾನದ ಮೈಯಲ್ಲಿದೆ. ಹಿಂದಿನಿಂದ, ಕಣ್ಣಿನ ಮಟ್ಟಕ್ಕೆ ಹಿಡಿದು ರೆಕ್ಕೆ ನೋಡಿ. ಒಂದು ತುದಿಯ ಹಿಂಬದಿ ಅಂಚು ಇನ್ನೊಂದಕ್ಕಿಂತ ಕೆಳಗೆ ಬಾಗಿದ್ದರೆ ಆ ಕಡೆ ರೆಕ್ಕೆ ಹೆಚ್ಚು ಎತ್ತುತ್ತದೆ, ವಿಮಾನ ಇನ್ನೊಂದು ಕಡೆಗೆ ಉರುಳುತ್ತದೆ. ತಿರುಚಿದ ಫೋಮ್ ಅನ್ನು ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಎದುರು ದಿಕ್ಕಿಗೆ ತಿರುಚಿ, ತಣ್ಣಗಾಗುವ ತನಕ ಹಿಡಿದರೆ ಸರಿಹೋಗುತ್ತದೆ. ರಬ್ಬರ್ ಬ್ಯಾಂಡಿನಲ್ಲಿ ಕಟ್ಟುವ ರೆಕ್ಕೆ ಓರೆಯಾಗಿ ಕೂತಿರುವುದೂ ಉಂಟು. ಬಾಲದ ನಡು ತುದಿಗೆ ಒಂದು ದಾರ ಹಿಡಿದು ಎರಡೂ ರೆಕ್ಕೆ ತುದಿಗೆ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು. ಒಂದು ರೆಕ್ಕೆಗೆ ಮಾತ್ರ ರಿಪೇರಿ ಗ್ಲೂ ಕೂತು ಭಾರವಾಗಿದ್ದರೆ, ಮೂಗು ಮತ್ತು ಬಾಲ ಹಿಡಿದು ಎತ್ತಿದಾಗ ಆ ಕಡೆ ಇಳಿಯುತ್ತದೆ.

ಮೋಟರ್ ಇಲ್ಲದೆ ನೇರ ತೇಲಿ, ಥ್ರಾಟಲ್ ಕೊಟ್ಟಾಗ ಮಾತ್ರ ಎಡಕ್ಕೆ ಉರುಳಿದರೆ ಅದು ಮೋಟರಿನ ತಿರುಚು ಬಲ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ವಿಮಾನದ ಮೈ ಅದಕ್ಕೆ ಎದುರಾಗಿ ಎಡಕ್ಕೆ ತಿರುಗಲು ನೋಡುತ್ತದೆ. ಮೋಟರಿನ ಮುಖವನ್ನು ಬಲಕ್ಕೆ 2–3 ಡಿಗ್ರಿ ತಿರುಗಿಸಬೇಕು. ಸ್ಕ್ರೂಗಳ ನಡುವೆ 30 ಮಿ.ಮೀ. ಅಂತರ ಇದ್ದರೆ ಎಡಗಡೆ ಸ್ಕ್ರೂಗಳ ಕೆಳಗೆ 1 ಮಿ.ಮೀ. ವಾಷರ್ ಹಾಕಿದರೆ 2 ಡಿಗ್ರಿ ಸಿಕ್ಕಿತು. ಮೂಗು ಕೆಳಗೆ ಬೇಕಿದ್ದರೆ ಮೇಲಿನ ಸ್ಕ್ರೂಗಳಿಗೆ ವಾಷರ್. ಎಸೆತ ಮೆತ್ತಗಾದಾಗ ಈ ಉರುಳು ಜಾಸ್ತಿ ಕಾಣುತ್ತದೆ. ವೇಗ ಇಲ್ಲದ ರೆಕ್ಕೆಗೆ ತಡೆಯುವ ಶಕ್ತಿ ಇರುವುದಿಲ್ಲ. ಹಾಗಾಗಿ ಮುಕ್ಕಾಲು ಥ್ರಾಟಲ್, ಗಟ್ಟಿ ಎಸೆತ.

ಮೂರನೇ ಕಾರಣ ಐಲೆರಾನ್ (ರೆಕ್ಕೆಯ ಹಿಂಬದಿಯ ಆಡುವ ಹಲಗೆ) ಉಲ್ಟಾ ಇರುವುದು. ವಿಮಾನ ಸ್ವಲ್ಪ ಎಡಕ್ಕೆ ವಾಲುತ್ತದೆ, ನೀವು ಬಲಕ್ಕೆ ಕಡ್ಡಿ ಕೊಡುತ್ತೀರಿ, ಅದು ಇನ್ನೂ ಎಡಕ್ಕೆ ಮಗುಚುತ್ತದೆ. ವಿಡಿಯೋದಲ್ಲಿ ಉರುಳುವ ವೇಗ ಒಮ್ಮೆಲೇ ಹೆಚ್ಚಿದ್ದು ಕಂಡರೆ ಇದನ್ನೇ ನೋಡಿ. ವಿಮಾನದ ಹಿಂದೆ ನಿಂತು ಕಡ್ಡಿ ಬಲಕ್ಕೆ ತಳ್ಳಿದರೆ ಬಲ ಐಲೆರಾನ್ ಮೇಲೇಳಬೇಕು. ಕಡ್ಡಿ ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೇಳಬೇಕು. ರಡ್ಡರ್ (ಬಾಲದ ನೆಟ್ಟಗಿನ ಆಡುವ ಹಲಗೆ) ತನ್ನ ಕಡ್ಡಿ ಹೋದ ಕಡೆಗೇ ಹೋಗಬೇಕು. ರಿಮೋಟಿನಲ್ಲಿ ಮಾಡೆಲ್ ಬದಲಿಸಿದಾಗ ಇದು ಉಲ್ಟಾ ಆಗಿರುತ್ತದೆ. ಪ್ರತಿ ದಿನ ಮೊದಲ ಎಸೆತದ ಮುಂಚೆ ನೋಡಿ, ಅರ್ಧ ನಿಮಿಷವೂ ಬೇಡ.

ನೇರ ನೆಲಕ್ಕೆ ಹೋಗುತ್ತದೆ ಎನ್ನುವವರಿಗೆ ಎರಡೇ ಪ್ರಶ್ನೆ: ಗಾಳಿ ಬೆನ್ನ ಹಿಂದಿನಿಂದ ಬರುತ್ತಿತ್ತಾ? ಸಿಜಿ ಗೆರೆಗಿಂತ ಮೂಗಿನ ಕಡೆ ಬಹಳ ಸರಿದಿದೆಯಾ? ಎರಡೂ ಇಲ್ಲ ಅಂದರೆ ಎಲಿವೇಟರಿನ ತಂತಿ ಸರ್ವೋ ಕೈಯಿಂದ ಕಳಚಿದೆಯೋ ನೋಡಿ.

ಮೇಲೆ ಹೋದ ಮೇಲೆ ಮಾತು ಕೇಳುವುದಿಲ್ಲ

ಮೋಟರ್ ನಿಂತು, ಎಲಿವೇಟರ್ ರಡ್ಡರ್ ಕೆಲಸ ಮಾಡುತ್ತಿದ್ದರೆ ಗಾಬರಿ ಬೇಡ. ಬ್ಯಾಟರಿ ಇಳಿದಿದೆ ಅಂತ ಇಎಸ್‌ಸಿ ಮೋಟರಿಗೆ ಮಾತ್ರ ಕರೆಂಟ್ ನಿಲ್ಲಿಸಿ, ಸರ್ವೋಗಳಿಗೆ ಉಳಿಸಿದೆ. ನೇರ ತೇಲಿಸಿ ಇಳಿಸಿ. ಮತ್ತೆ ಹಾಗಾಗದಂತೆ ಟೈಮರ್ ಇಡಿ. 2200 ಎಂಎಎಚ್ ಬ್ಯಾಟರಿಯಿಂದ ಸರಾಸರಿ 10 ಆಂಪಿಯರ್ ಎಳೆದರೆ ಲೆಕ್ಕಕ್ಕೆ 13 ನಿಮಿಷ. ಪೂರ್ತಿ ಖಾಲಿ ಮಾಡಬಾರದು, ಶೇ. 80ಕ್ಕೆ ನಿಲ್ಲಿಸಬೇಕು. ಟೈಮರ್ 8 ನಿಮಿಷಕ್ಕೆ ಇಟ್ಟರೆ ಇಳಿಸಲು ಸಮಯ ಸಿಗುತ್ತದೆ.

ಎಲ್ಲವೂ ಒಟ್ಟಿಗೆ ಒಂದೆರಡು ಸೆಕೆಂಡು ಸತ್ತು ಮತ್ತೆ ಬದುಕಿದರೆ ರಿಸೀವರ್ ರೀಸ್ಟಾರ್ಟ್ ಆಗಿದೆ. ಸರ್ವೋಗಳು ಎಳೆದ ಕರೆಂಟಿಗೆ ಇಎಸ್‌ಸಿಯೊಳಗಿನ 5 ವೋಲ್ಟ್ ಸಪ್ಲೈ ಕುಸಿದಿದೆ. ಮೇಜಿನ ಮೇಲೆ ಎರಡೂ ಕಡ್ಡಿಗಳನ್ನು ಒಟ್ಟಿಗೆ ಜೋರಾಗಿ ಸುತ್ತಿಸುತ್ತಾ ರಿಸೀವರಿನ ದೀಪ ನೋಡಿ. ಮಿನುಗಿದರೆ ದೋಷ ಸಿಕ್ಕಿತು. ಸರ್ವೋಗಳ ಹತ್ತಿರ ಕಿವಿ ಇಡಿ. ಕಡ್ಡಿ ಮುಟ್ಟದಿದ್ದಾಗಲೂ ಒಂದು ಸರ್ವೋ ಗುಂಯ್ ಅನ್ನುತ್ತಿದ್ದರೆ ಅದರ ತಂತಿ ಎಲ್ಲೋ ಸಿಕ್ಕಿಕೊಂಡಿದೆ, ಅದೇ ಕರೆಂಟ್ ಕುಡಿಯುತ್ತಿರುವುದು. ಅರ್ಧ ತಿರುಗಿ ಟಕ್ ಅಂತ ಜಾರಿದರೆ ಒಳಗಿನ ನೈಲಾನ್ ಹಲ್ಲು ಮುರಿದಿದೆ. 9 ಗ್ರಾಂ ಸರ್ವೋ ಅಗ್ಗ, ರಿಪೇರಿಗೆ ಹೋಗದೆ ಬದಲಿಸಿ.

ದೂರ ಹೋದಾಗ ಮಾತ್ರ ತೊಂದರೆ ಅಂದರೆ ಆಂಟೆನಾ. ರಿಸೀವರಿನ ಎರಡು ಆಂಟೆನಾ ತುದಿಗಳು ಒಂದಕ್ಕೊಂದು ಲಂಬವಾಗಿರಲಿ. ಕಾರ್ಬನ್ ಕಡ್ಡಿಗೆ, ಬ್ಯಾಟರಿ ವೈರಿಗೆ ಅಂಟಿಕೊಂಡಿರಬಾರದು. ಹಾಗೆಯೇ ಫೇಲ್‌ಸೇಫ್ ಪರೀಕ್ಷೆ, ಅಂದರೆ ಸಂಕೇತ ತಪ್ಪಿದಾಗ ಮೋಟರ್ ನಿಲ್ಲುತ್ತದೋ ಅಂತ ನೋಡುವುದು. ಪ್ರೊಪೆಲ್ಲರ್ ಬಿಚ್ಚಿ, ಅರ್ಧ ಥ್ರಾಟಲ್‌ನಲ್ಲಿ ಮೋಟರ್ ಓಡುವಾಗ ರಿಮೋಟ್ ಆಫ್ ಮಾಡಿ. ಮೋಟರ್ ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ರಿಮೋಟಿನ ಮೆನುವಿನಲ್ಲಿ ಥ್ರಾಟಲ್ ಫೇಲ್‌ಸೇಫ್ ಸೊನ್ನೆಗೆ ಇಡುವ ತನಕ ಹಾರಿಸಬೇಡಿ. ಇದು ನಿಮ್ಮ ವಿಮಾನದ ಪ್ರಶ್ನೆ ಅಲ್ಲ, ಕೆಳಗೆ ಓಡಾಡುವ ಜನರ ಪ್ರಶ್ನೆ.

ವಿಮಾನ ನಿಮ್ಮ ಕಡೆ ಬರುವಾಗ ಮಾತ್ರ ಉಲ್ಟಾ ತಿರುಗುತ್ತದೆ ಅನ್ನಿಸಿದರೆ ರಿಮೋಟ್ ಸರಿಯಿದೆ. ಎದುರು ಬರುವಾಗ ನಮ್ಮ ಎಡ ಬಲ ಅದಲುಬದಲಾಗುತ್ತದೆ ಅಷ್ಟೇ. ಯಾವ ರೆಕ್ಕೆ ಇಳಿದು ಕಾಣುತ್ತದೋ ಆ ಕಡೆಗೆ ಕಡ್ಡಿ ತಳ್ಳಿದರೆ ರೆಕ್ಕೆ ಸಮವಾಗುತ್ತದೆ.

ಎರಡು ಮೋಟರಿನ ಆಟಿಕೆ ವಿಮಾನ

ಇದರಲ್ಲಿ ಎಡ ಬಲ ಮೋಟರಿನ ವೇಗದ ವ್ಯತ್ಯಾಸವೇ ಸ್ಟಿಯರಿಂಗ್. ಯಾವಾಗಲೂ ಒಂದೇ ಕಡೆ ಸುತ್ತುತ್ತಿದ್ದರೆ ಆ ಕಡೆ ಮೋಟರ್ ಮೆತ್ತಗಾಗಿದೆ. ಪ್ರೊಪೆಲ್ಲರ್ ಎಳೆದು ತೆಗೆದು ಶಾಫ್ಟ್ ನೋಡಿ. ಕೂದಲು, ದಾರ, ಒಣಹುಲ್ಲಿನ ಎಳೆ ಸುತ್ತಿಕೊಂಡಿರುತ್ತದೆ. ಸೂಜಿಯಿಂದ ಬಿಡಿಸಿ. ಪ್ರೊಪೆಲ್ಲರನ್ನು ಪೂರ್ತಿ ಒತ್ತಿ ಕೂರಿಸಿದರೂ ಮೋಟರ್ ಮೈಗೆ ಉಜ್ಜಿ ನಿಧಾನವಾಗುತ್ತದೆ. ಕಾಗದದ ದಪ್ಪದಷ್ಟು ಸಂದು ಬಿಡಿ.

ಗೈರೋ (ವಿಮಾನದ ಓರೆ ಗುರುತಿಸುವ ಸಾಧನ) ಇರುವ ಮಾಡೆಲ್ಲಾದರೆ ಸ್ವಿಚ್ ಹಾಕಿದ ಮೇಲೆ ಸಮನೆಲದಲ್ಲಿ ಕೆಲವು ಸೆಕೆಂಡು ಮುಟ್ಟದೆ ಬಿಡಿ. ಕೈಯಲ್ಲಿ ಓರೆಯಾಗಿ ಹಿಡಿದುಕೊಂಡೇ ಆನ್ ಮಾಡಿದರೆ ಆ ಓರೆಯನ್ನೇ ಅದು ಸಮ ಅಂದುಕೊಳ್ಳುತ್ತದೆ. ಬ್ರಶ್ ಇರುವ ಮೋಟರ್‌ಗಳು ಕ್ರಮೇಣ ಸವೆಯುತ್ತವೆ. ಜೋಡಿಯಾಗಿಯೇ ಬದಲಿಸಿ.

ದೋಷ ವಿಮಾನದಲ್ಲಿಲ್ಲ, ಗಾಳಿಯಲ್ಲಿದೆ

ಎಲ್ಲ ಪರೀಕ್ಷೆಯಲ್ಲೂ ಪಾಸಾದ ವಿಮಾನ ಹೊಲದಲ್ಲಿ ಎದ್ದುಬಿದ್ದು ಹಾರುತ್ತಿದ್ದರೆ ಗಾಳಿಯನ್ನೂ ಗಡಿಯಾರವನ್ನೂ ನೋಡಿ. ಆಟಿಕೆ ವಿಮಾನಕ್ಕೆ ಗಂಟೆಗೆ 20 ಕಿ.ಮೀ. ಗಾಳಿ ಅದರ ಸ್ವಂತ ವೇಗಕ್ಕೇ ಹತ್ತಿರ. ಎದುರು ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ತಿರುಗಿದರೆ ಊರಾಚೆ ಹೋಗುತ್ತದೆ. ಗಾಳಿಪಟಕ್ಕೆ ಹೇಳಿ ಮಾಡಿಸಿದ ಆಷಾಢದ ಗಾಳಿ ಕಲಿಯುವವರ ವಿಮಾನಕ್ಕೆ ಆಗದು. ಚಿತ್ರದುರ್ಗದವರಿಗೆ ಒಂದು ಅನುಕೂಲ ಇದೆ. ಜೋಗಿಮಟ್ಟಿ ಗುಡ್ಡದ ಸಾಲಿನ ಗಾಳಿಯಂತ್ರಗಳು ಗಾಳಿ ಬರುವ ದಿಕ್ಕಿಗೇ ಮುಖ ಮಾಡಿ ನಿಲ್ಲುತ್ತವೆ. ಅವು ನೋಡುತ್ತಿರುವ ಕಡೆಗೇ ನೀವೂ ಎಸೆಯಿರಿ. ಕೆಳಗೆ ನೆಲಮಟ್ಟದಲ್ಲಿ ಬಂಡೆ, ಗುಡ್ಡದ ಮರೆಯಿಂದ ಗಾಳಿ ತಿರುಗಿರಬಹುದು, ಒಂದು ಹಿಡಿ ಒಣಹುಲ್ಲು ತೂರಿ ಖಚಿತ ಮಾಡಿಕೊಳ್ಳಿ.

ಬೆಳಿಗ್ಗೆ ಬೆಳಕು ಹರಿದ ಮೇಲಿನ ಎರಡು ಗಂಟೆಯೇ ಒಳ್ಳೆಯದು. ಚಳ್ಳಕೆರೆ ಹತ್ತಿರದ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋ ತನ್ನ ರೆಕ್ಕೆಯ ಮರುಬಳಕೆ ಉಡಾವಣಾ ವಾಹನವನ್ನು ಮೂರು ಸಲ ತಾನಾಗಿ ಇಳಿಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. ಮೂರೂ ಬೆಳಿಗ್ಗೆ 8 ಗಂಟೆಯೊಳಗೆ ಮುಗಿದವು. ಆ ಕಡೆ ಹಾರಿಸಲು ಹೋಗುವವರಂತೂ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ಕೆಂಪು ವಲಯ, ಅಂದರೆ ಅನುಮತಿ ಇಲ್ಲದೆ ಹಾರಿಸಬಾರದ ಜಾಗ ನೋಡಿಕೊಳ್ಳಿ. ಹಸಿರು ವಲಯದಲ್ಲೂ ಅನುಮತಿ ಇಲ್ಲದೆ 400 ಅಡಿ ಮೇಲೆ ಹೋಗುವಂತಿಲ್ಲ.

ಬೇಸಿಗೆ ಮಧ್ಯಾಹ್ನ ಇನ್ನೊಂದು ತೊಂದರೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿವೆ. 38 ಡಿಗ್ರಿ ಬಿಸಿಲಿನಲ್ಲಿ ಇಲ್ಲಿನ ಗಾಳಿ, ಸಮುದ್ರ ಮಟ್ಟದ 15 ಡಿಗ್ರಿ ಗಾಳಿಗಿಂತ ಹತ್ತಿರ ಹತ್ತಿರ ಶೇ. 15ರಷ್ಟು ತೆಳು. ಪ್ರೊಪೆಲ್ಲರಿಗೂ ರೆಕ್ಕೆಗೂ ಹಿಡಿತ ಅಷ್ಟು ಕಡಿಮೆ. ತೇಲಲು ಬೇಕಾದ ವೇಗ ಶೇ. 8ರಷ್ಟು ಹೆಚ್ಚುತ್ತದೆ. ಭಾರವಾದ ಸನ್‌ಬೋರ್ಡ್ ವಿಮಾನ ಬೆಳಿಗ್ಗೆ ಕಷ್ಟಪಟ್ಟು ಹಾರಿ ಮಧ್ಯಾಹ್ನ ಹಾರದೇ ಇರುವುದಕ್ಕೆ ಇದೂ ಒಂದು ಕಾರಣ. ಎರೆ ಹೊಲ ಕಾದು ಬಿಸಿಗಾಳಿ ಏಳುವುದು ಬೇರೆ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತಿದ್ದರೆ ಹಗುರ ವಿಮಾನ ಬಿಡಬೇಡಿ.

ಆ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲೋ ಕಾರಿನೊಳಗೋ ಲಿಪೋ ಬ್ಯಾಟರಿ ಬಿಡಬಾರದು. ವಿಮಾನವನ್ನೂ ಬಿಡಬಾರದು. ಫೋಮ್ ರೆಕ್ಕೆ ಸೊಟ್ಟಗಾಗುತ್ತದೆ, ಹಾಟ್ ಗ್ಲೂ ಮೆತ್ತಗಾಗಿ ಮೋಟರ್ ಕೂರಿಸಿದ ಹಲಗೆ ಓರೆಯಾಗುತ್ತದೆ. ನಿನ್ನೆ ನೇರ ಹೋದ ವಿಮಾನ ಇವತ್ತು ಎಡಕ್ಕೆ ಎಳೆಯುತ್ತಿದ್ದರೆ ಮೋಟರನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಅಲುಗಿದರೆ ಅವತ್ತಿನ ಹಾರಾಟ ನಿಲ್ಲಿಸಿ, ಮನೆಗೆ ತಂದು ಹಳೇ ಗ್ಲೂ ಕೆತ್ತಿ, ಹಲಗೆಯನ್ನು ಅರಾಲ್ಡೈಟ್ ಹಾಕಿ ಕೂರಿಸಿ, ಒಂದು ರಾತ್ರಿ ಮುಟ್ಟದೆ ಬಿಡಿ.